ಬಾರದ ಪ್ರೇತ: ಎಡ್ಗರ್ ಅಲನ್ ಪೋ ಕಾವ್ಯದಲ್ಲಿ ವಿರಹಶೋಕದ ಸ್ವರೂಪ

ಸತ್ತ ಪ್ರಿಯರು ಮರಳಿ ಬರುವುದು ಗಾಥಿಕ್ ಕಾವ್ಯದ ಹಳೆಯ ರೂಢಿ. ಜರ್ಮನ್ ಕವಿ ಬ್ಯೂರ್ಗರ್‌ನ ‘ಲೆನೋರೆ’ (1774) ಎಂಬ ಕಥನಕವನ ಇದಕ್ಕೆ ಮಾದರಿ. ಯುದ್ಧಕ್ಕೆ ಹೋದ ಇನಿಯ ಹಿಂದಿರುಗದಿದ್ದಾಗ ಲೆನೋರೆ ದೇವರನ್ನೇ ದೂರುತ್ತಾಳೆ. ನಡುರಾತ್ರಿ ಅವನ ರೂಪದಲ್ಲಿ ಬಂದ ಸವಾರ ಅವಳನ್ನು ಕುದುರೆಯೇರಿಸಿಕೊಂಡು ಸ್ಮಶಾನಕ್ಕೆ ಒಯ್ದು, ಅಲ್ಲಿ ಅಸ್ಥಿಪಂಜರವಾಗುತ್ತಾನೆ. ಇಲ್ಲಿ ಮಿತಿಮೀರಿದ ಶೋಕವೇ ಅಪರಾಧ. ಪ್ರೇತದ ಆಗಮನ ಅದಕ್ಕೆ ದಂಡನೆ. 1796ರಲ್ಲಿ ವಾಲ್ಟರ್ ಸ್ಕಾಟ್ ಈ ಕವನವನ್ನು ಇಂಗ್ಲಿಷಿಗೆ ತಂದ.

ಪೋ ಬರೆದ ‘ದಿ ರೇವನ್’ (1845) ಈ ರೂಢಿಯನ್ನು ಬುಡಮೇಲು ಮಾಡುತ್ತದೆ ಎಂಬುದು ಪ್ರಸ್ತುತ ಲೇಖನದ ವಾದ. ಸತ್ತವಳ ಹೆಸರು ಲೆನೋರ್, ಹೊತ್ತು ನಡುರಾತ್ರಿ, ಬಾಗಿಲು ತಟ್ಟಿದ ಸದ್ದೂ ಉಂಟು. ಆದರೆ ಬಾಗಿಲು ತೆರೆದರೆ ಹೊರಗೆ ಬರೀ ಕತ್ತಲು. ಅವಳ ಹೆಸರನ್ನು ಪಿಸುಗುಟ್ಟಿದರೆ ಮರಳುವುದು ಮಾರ್ದನಿ ಮಾತ್ರ. ಕಿಟಕಿಯಿಂದ ಒಳಬಂದ ದೊಡ್ಡ ಕರಿಕಾಗೆಗೆ ಬರುವುದು ಒಂದೇ ಮಾತು: ‘ನೆವರ್‌ಮೋರ್’ (ಇನ್ನೆಂದಿಗೂ ಇಲ್ಲ). ಅದನ್ನು ಯಾವನೋ ನೊಂದ ಯಜಮಾನನಿಂದ ಕಲಿತಿರಬೇಕೆಂದು ನಿರೂಪಕನೇ ಊಹಿಸುತ್ತಾನೆ. ಮೊದಲು ತಮಾಷೆಗೆ ಹೆಸರು ಕೇಳುತ್ತಾನೆ. ಬಳಿಕ ನೋವಿಗೆ ಮದ್ದುಂಟೇ ಎನ್ನುತ್ತಾನೆ. ಕೊನೆಗೆ ಪರಲೋಕದಲ್ಲಾದರೂ ಲೆನೋರ್ ಸಿಗುವಳೇ ಎಂದು ಕೇಳುತ್ತಾನೆ. ಉತ್ತರ ಗೊತ್ತಿದ್ದೇ, ಅದು ಹೆಚ್ಚು ಹೆಚ್ಚು ಇರಿಯುವಂತೆ ಪ್ರಶ್ನೆಯನ್ನು ಹರಿತಗೊಳಿಸುತ್ತಾನೆ. ಕವನವನ್ನು ಈ ಕೊನೆಯ ಪ್ರಶ್ನೆಯಿಂದಲೇ ಬರೆಯಲು ತೊಡಗಿದೆನೆಂದು ಪೋ 1846ರ ಪ್ರಬಂಧವೊಂದರಲ್ಲಿ ಹೇಳಿಕೊಂಡಿದ್ದಾನೆ. ಆ ಹೇಳಿಕೆಯನ್ನು ಪೂರ್ತಿ ನಂಬದ ವಿಮರ್ಶಕರಿದ್ದಾರೆ. ಆದರೂ ಕವನದ ಕಟ್ಟೋಣಕ್ಕೆ ಅದು ಹೊಂದುತ್ತದೆ.

ಇದನ್ನು ಕವಿಯ ಸ್ವಂತ ವಿಯೋಗದ ದಾಖಲೆಯೆಂದು ಓದುವವರಿಗೆ ಕಾಲಾನುಕ್ರಮವೇ ಅಡ್ಡಿ. ಪತ್ನಿ ವರ್ಜೀನಿಯಾಳಲ್ಲಿ ಕ್ಷಯರೋಗ 1842ರಲ್ಲಿ ಕಾಣಿಸಿಕೊಂಡಿತು. ಅವಳು ತೀರಿಕೊಂಡದ್ದು 1847ರ ಜನವರಿಯಲ್ಲಿ. ಕವನ ಪ್ರಕಟವಾದಾಗ ಅವಳಿನ್ನೂ ಬದುಕಿದ್ದಳು. ಹೆಚ್ಚೆಂದರೆ ಇದನ್ನು ಮುಂದೆ ಬರಲಿರುವ ಸಾವಿನ ಶೋಕವೆನ್ನಬಹುದು.

ಅವಳ ಮರಣಾನಂತರದ ಕವನಗಳಲ್ಲೂ ಸತ್ತವರು ಬರುವುದಿಲ್ಲ, ಬದುಕಿರುವವನೇ ಹೋಗುತ್ತಾನೆ. ‘ಯುಲಲ್ಯೂಮ್’ನ (1847) ನಿರೂಪಕ ಅರಿವಿಲ್ಲದೆಯೇ ನಲ್ಲೆಯ ಸಮಾಧಿಯ ಬಾಗಿಲು ತಲುಪುತ್ತಾನೆ, ‘ಆನಬೆಲ್ ಲೀ’ಯ (1849) ನಿರೂಪಕ ಪ್ರತಿರಾತ್ರಿ ಬೇಕೆಂದೇ ಗೋರಿಯ ಬದಿಯಲ್ಲಿ ಮಲಗುತ್ತಾನೆ. ಬ್ಯೂರ್ಗರ್‌ನಲ್ಲಿ ಶೋಕವನ್ನು ದಂಡಿಸಲು ಹೊರಗಿನ ಶಕ್ತಿಯೊಂದು ಬೇಕಿತ್ತು. ‘ದಿ ರೇವನ್’ನಲ್ಲಿ ದಂಡ ವಿಧಿಸುವವನೂ ಅನುಭವಿಸುವವನೂ ಒಬ್ಬನೇ.