ಜರ್ಮನಿ ಡೈರಿ – 14: ಗುಲಾಬಿ ದ್ರಾಕ್ಷಿಯ ಬಿಳಿ ವೈನ್

ಅಮ್ಮಾ, ತಲೆಬರಹ ನೋಡಿ ಗಾಬರಿಯಾಗಬೇಡ, ಕುಡಿದದ್ದು ಎರಡೇ ಗುಟುಕು. ಇವತ್ತಿನದು ಮುಖ್ಯವಾಗಿ ದ್ರಾಕ್ಷಿ ಬೆಳೆಯೋ ಚಿಕ್ಕಪ್ಪನಿಗೆ.

ನಮ್ಮ ವಾರ್ಡಿನ ಹಿರಿಯ ಸಿಸ್ಟರ್ ಒಬ್ಬರು ಗ್ರೀಸ್ ಮೂಲದವರು, ಮುಂದಿನ ತಿಂಗಳು ರಿಟೈರ್. 1960ರಲ್ಲಿ ಜರ್ಮನಿ, ಗ್ರೀಸ್ ನಡುವೆ ಕೆಲಸಗಾರರ ಒಪ್ಪಂದ ಆಯಿತಲ್ಲ, ಆಮೇಲೆ ಅವರ ಅಪ್ಪ ರೈಲು ಹತ್ತಿ ಬಂದು ಕಾರ್ಖಾನೆ ಸೇರಿದರಂತೆ. ಎರಡು ವರ್ಷ ದುಡಿದು ವಾಪಸ್ ಅಂತ ಬಂದವರು. (ನಾನೂ ಹಾಗೇ ಹೇಳಿ ಹೊರಟವಳು, ನೆನಪಿದೆಯಲ್ಲ?) ಊರಲ್ಲಿ ಬಿಟ್ಟು ಬಂದದ್ದು ಮಾಂಟಿನಿಯಾದ ಒಂದು ತುಂಡು ದ್ರಾಕ್ಷಿ ತೋಟ.

ಮಾಂಟಿನಿಯಾ ಅಂದರೆ ಪೆಲೊಪೊನೀಸ್ ನಡುವೆ, ಟ್ರಿಪೋಲಿ ಪಟ್ಟಣದ ಹತ್ತಿರ, ಸುತ್ತ ಬೆಟ್ಟಗಳಿರುವ ಬಯಲು. ಎತ್ತರ ಸುಮಾರು 650 ಮೀಟರ್. ನಮ್ಮ ಬೆಂಗಳೂರೇ ಅದಕ್ಕಿಂತ ಎತ್ತರ, ಆದರೆ ಅಲ್ಲಿ ಚಳಿಗಾಲದಲ್ಲಿ ಹಿಮ ಬೀಳುತ್ತೆ. ದ್ರಾಕ್ಷಿಯ ಹೆಸರು ಮೊಸ್ಕೊಫಿಲೆರೊ. ಸಿಪ್ಪೆ ತಿಳಿ ಗುಲಾಬಿ, ರಸಕ್ಕೆ ಬಣ್ಣವಿಲ್ಲ. ಸಿಪ್ಪೆಯನ್ನು ಬೇಗ ಬೇರೆ ಮಾಡಿಬಿಟ್ಟರೆ ವೈನ್ ಬಿಳಿ. ರಾತ್ರಿ ತಣ್ಣಗಿರುವುದರಿಂದ ಹಣ್ಣು ನಿಧಾನ ಮಾಗುತ್ತೆ, ಹುಳಿಯೂ ಪರಿಮಳವೂ ಉಳಿಯುತ್ತೆ. ಗ್ರೀಸಿನ ಬಹುತೇಕ ಕಡೆ ಕೊಯ್ಲು ಮುಗಿದ ಮೇಲೆ, ಅಕ್ಟೋಬರಿನಲ್ಲಿ ಇಲ್ಲಿ ಕೊಯ್ಲು. ಮೂಸಿದರೆ ಗುಲಾಬಿ ಹೂ, ಬಾಯಿಗಿಟ್ಟರೆ ನಿಂಬೆ. ಸಿಹಿ ಇರುತ್ತೆ ಅಂದುಕೊಂಡಿದ್ದೆ, ಇಲ್ಲವೇ ಇಲ್ಲ.

ಊರಿನ ಚರಿತ್ರೆ ವೈನಿಗಿಂತ ಖಾರ. ಕ್ರಿ.ಪೂ. 385ರಲ್ಲಿ ಸ್ಪಾರ್ಟಾದವರು ಮುತ್ತಿಗೆ ಹಾಕಿದರು. ಕೋಟೆ ಬೀಳಲಿಲ್ಲ. ಆಗ ಊರೊಳಗೆ ಹರಿಯುತ್ತಿದ್ದ ಹೊಳೆಗೆ ಅಡ್ಡ ಕಟ್ಟಿದರು. ನೀರು ಏರಿತು, ಮಣ್ಣಿನ ಇಟ್ಟಿಗೆ ನೆನೆದು ಗೋಡೆ ಕುಸಿಯಿತು. ಜನರನ್ನು ಹಳ್ಳಿಗಳಿಗೆ ಚದುರಿಸಿದರು. ಲ್ಯೂಕ್ಟ್ರಾ ಯುದ್ಧದಲ್ಲಿ ಸ್ಪಾರ್ಟಾ ಸೋತ ಮೇಲೆ ಅದೇ ಜನ ಹಿಂದಿರುಗಿ ಊರು ಕಟ್ಟಿದರು. ಈ ಸಲ ಹೊಳೆಯನ್ನು ಕೋಟೆಯ ಹೊರಗೇ ಬಿಟ್ಟರು! 362ರಲ್ಲಿ ಥೀಬ್ಸಿನ ಸೇನಾಪತಿ ಎಪಮಿನಾಂಡಸ್ ಸತ್ತದ್ದೂ ಇಲ್ಲೇ ನಡೆದ ಕಾಳಗದಲ್ಲಿ.

ವೈನಿಗೆ ಮಾಂಟಿನಿಯಾ ಅನ್ನುವ ಹೆಸರಿನ ರಕ್ಷಣೆ ಸಿಕ್ಕಿದ್ದು 1971ರಲ್ಲಿ. ಕನಿಷ್ಠ 85 ಶೇಕಡಾ ಮೊಸ್ಕೊಫಿಲೆರೊ ಇರಬೇಕು. ಆ ಕಾಲಕ್ಕೆ ಹೊರಗಿನವರಿಗೆ ಗ್ರೀಕ್ ವೈನ್ ಅಂದರೆ ಪೈನ್ ಮರದ ಅಂಟಿನ ವಾಸನೆಯ ರೆಟ್ಸಿನಾ. ಆಮೇಲೆ ಸೈಪ್ರಸ್‌ನಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ಕಲಿತ ಯಾನಿಸ್ ತ್ಸೆಲೆಪೋಸ್ ಅಂಥವರು ಇಲ್ಲಿ ನೆಲೆನಿಂತು ಈ ದ್ರಾಕ್ಷಿಗೆ ಹೆಸರು ತಂದರು.

ಸಿಸ್ಟರ್ ಅವರ ಅಪ್ಪ ವಾಪಸ್ ಹೋಗಲೇ ಇಲ್ಲ. ತೋಟ ಮಾರೋಣ ಅಂತಾನೆ ತಮ್ಮ. ಇವರು ಇನ್ನೂ ಸಹಿ ಹಾಕಿಲ್ಲ, ರಿಟೈರ್ ಆದ ಮೊದಲ ವಾರವೇ ಹೋಗಿ ನೋಡ್ತಾರಂತೆ. ಚಿಕ್ಕಪ್ಪ, ವರ್ಷಗಟ್ಟಲೆ ಸವರದೆ ಬಿಟ್ಟ ಬಳ್ಳಿ ಮತ್ತೆ ಚಿಗುರುತ್ತಾ ಅಂತ ನನ್ನನ್ನು ಕೇಳಿದ್ರು. ನನಗೇನು ಗೊತ್ತು? ಒಂದು ವಾಯ್ಸ್ ಮೆಸೇಜ್ ಹಾಕಿ, ನಾನು ಜರ್ಮನ್‌ನಲ್ಲಿ ಹೇಳ್ತೀನಿ.