ಇಂಪೀರಿಯಲ್ ಸ್ಟೌಟ್

ಇಂಪೀರಿಯಲ್ ಸ್ಟೌಟ್ ಎಂಬುದು ಹುರಿದ ಮಾಲ್ಟ್ ಬಳಸಿ ತಯಾರಿಸುವ, ಕಡುಗಪ್ಪು ಬಣ್ಣದ, ಮದ್ಯಸಾರ ಹೆಚ್ಚಿರುವ ಒಂದು ಬಗೆಯ ಬಿಯರ್. ಇದನ್ನು ರಷ್ಯನ್ ಇಂಪೀರಿಯಲ್ ಸ್ಟೌಟ್ ಎಂದೂ ಕರೆಯುತ್ತಾರೆ. ಇದು ಹುಟ್ಟಿದ್ದು ಹದಿನೆಂಟನೆಯ ಶತಮಾನದ ಲಂಡನ್ನಿನಲ್ಲಿ. ಹೆಸರು ಬಂದದ್ದು ರಷ್ಯಾದ ರಾಜಮನೆತನದ ನಂಟಿನಿಂದ. ಸಾಮಾನ್ಯ ಬಿಯರಿನಲ್ಲಿ ಮದ್ಯಸಾರವು ಗಾತ್ರದ ಶೇ. 5ರ ಆಸುಪಾಸಿನಲ್ಲಿದ್ದರೆ ಇದರಲ್ಲಿ ಶೇ. 8ರಿಂದ 12ರವರೆಗೆ, ಕೆಲವೊಮ್ಮೆ ಅದಕ್ಕೂ ಹೆಚ್ಚಾಗಿ ಇರುತ್ತದೆ. ಆದುದರಿಂದ ಇದನ್ನು ಬಾಯಾರಿಕೆ ತಣಿಸುವ ಪಾನೀಯವಾಗಿ ಬಳಸದೆ, ವೈನಿನಂತೆ ಸ್ವಲ್ಪಸ್ವಲ್ಪವಾಗಿ ಸವಿದು ಗುಣದೋಷಗಳನ್ನು ಗುರುತಿಸುವ ಪದ್ಧತಿ ಬೆಳೆದುಬಂದಿದೆ.

ಹೆಸರು

ಇಂಗ್ಲಿಷಿನಲ್ಲಿ ‘ಸ್ಟೌಟ್’ ಎಂಬ ಪದಕ್ಕೆ ಬಲವಾದದ್ದು, ಗಟ್ಟಿಯಾದದ್ದು ಎಂಬ ಅರ್ಥವಿದೆ. ಲಂಡನ್ನಿನ ಕಂದು ಬಿಯರ್ ಆದ ಪೋರ್ಟರಿನ ತೀಕ್ಷ್ಣವಾದ ರೂಪವನ್ನು ‘ಸ್ಟೌಟ್ ಪೋರ್ಟರ್’ ಎನ್ನುತ್ತಿದ್ದರು. ಕಾಲಕ್ರಮದಲ್ಲಿ ಪೋರ್ಟರ್ ಎಂಬುದು ಉದುರಿ ಸ್ಟೌಟ್ ಮಾತ್ರ ಉಳಿಯಿತು. ಅದರ ಅರ್ಥವೂ ಬಲದಿಂದ ಬಣ್ಣದ ಕಡೆಗೆ ಸರಿಯಿತು. ಇಂದು ಕಪ್ಪಾಗಿರುವುದೆಲ್ಲ ತೀಕ್ಷ್ಣವೆಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಐರ್ಲೆಂಡಿನ ಪ್ರಸಿದ್ಧ ಗಿನ್ನೆಸ್ ಡ್ರಾಟ್ ಕೂಡ ಸ್ಟೌಟ್. ಆದರೆ ಅದರ ಮದ್ಯಸಾರ ಶೇ. 4.2ರಷ್ಟು ಮಾತ್ರ. ಬಣ್ಣಕ್ಕೂ ಬಲಕ್ಕೂ ಸಂಬಂಧವಿಲ್ಲವೆನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇತಿಹಾಸ

ಲಂಡನ್ನಿನ ಸದಕ್ ಪ್ರದೇಶದಲ್ಲಿ ಹೆನ್ರಿ ಥ್ರೇಲ್ ಎಂಬುವನ ಒಡೆತನದಲ್ಲಿದ್ದ ಆಂಕರ್ ಬ್ರೂವರಿಯೊಂದಿಗೆ ಈ ಬಿಯರಿನ ಆರಂಭದ ಇತಿಹಾಸ ಹೆಣೆದುಕೊಂಡಿದೆ. 1781ರಲ್ಲಿ ಥ್ರೇಲ್ ತೀರಿಕೊಂಡ ಬಳಿಕ ಅದು ಬಾರ್ಕ್ಲಿ ಮತ್ತು ಪರ್ಕಿನ್ಸ್ ಅವರ ಪಾಲಾಯಿತು. (ಆ ಮಾರಾಟವನ್ನು ನೋಡಿಕೊಂಡವರಲ್ಲಿ ನಿಘಂಟುಕಾರ ಸ್ಯಾಮ್ಯುಯೆಲ್ ಜಾನ್ಸನ್ನನೂ ಒಬ್ಬ.) ಥ್ರೇಲನ ಬ್ರೂವರಿಯಿಂದ ಬಂದ, ರಷ್ಯಾದ ಸಾಮ್ರಾಜ್ಞಿಗೆಂದೇ ತಯಾರಿಸಿದ, ಏಳು ವರ್ಷ ಕೆಡದೆ ಉಳಿಯುವುದೆಂದು ಹೇಳಲಾದ ಪೋರ್ಟರನ್ನು ತಾನು ಕುಡಿದುದಾಗಿ ಚಿತ್ರಕಾರ ಜೋಸೆಫ್ ಫಾರಿಂಗ್ಟನ್ 1796ರ ದಿನಚರಿಯಲ್ಲಿ ಬರೆದಿದ್ದಾನೆ. ಆಗ ರಷ್ಯಾವನ್ನು ಆಳುತ್ತಿದ್ದವಳು ಎರಡನೆಯ ಕ್ಯಾಥರೀನ್.

ಸಮುದ್ರಯಾನದ ಚಳಿಗೆ ಹೆಪ್ಪುಗಟ್ಟದಿರಲೆಂದೇ ಈ ಬಿಯರನ್ನು ಇಷ್ಟು ತೀಕ್ಷ್ಣವಾಗಿ ತಯಾರಿಸಿದರೆಂಬ ಕಥೆ ಸೀಸೆಗಳ ಚೀಟಿಗಳಲ್ಲಿಯೂ ಲೇಖನಗಳಲ್ಲಿಯೂ ಮತ್ತೆ ಮತ್ತೆ ಕಾಣಿಸುತ್ತದೆ. ಇದನ್ನು ನಂಬುವುದು ಕಷ್ಟ. ಸಾಧಾರಣ ಪೋರ್ಟರ್ ಕೂಡ ಅದೇ ಬಾಲ್ಟಿಕ್ ಮಾರ್ಗದಲ್ಲಿ ಸಾಗುತ್ತಿತ್ತು. ಚಳಿಗಾಲದಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಬಂದರೇ ಹಿಮದಿಂದ ಮುಚ್ಚಿಹೋಗುತ್ತಿದ್ದುದರಿಂದ ಹಡಗುಗಳು ಹೋಗುತ್ತಿದ್ದುದು ಉಳಿದ ತಿಂಗಳುಗಳಲ್ಲಿ. ಮದ್ಯಸಾರ ಇಮ್ಮಡಿಯಾದರೂ ಹೆಪ್ಪುಗಟ್ಟುವ ಉಷ್ಣತೆ ಕೆಲವೇ ಡಿಗ್ರಿ ಇಳಿಯುತ್ತದೆ. ಶ್ರೀಮಂತ ಗಿರಾಕಿಗಳಿಗೆ ತೀಕ್ಷ್ಣವೂ ದೀರ್ಘಕಾಲ ಬಾಳುವಂಥದೂ ಆದ ಬಿಯರ್ ಬೇಕಾಗಿತ್ತು ಎನ್ನುವುದೇ ಹೆಚ್ಚು ಸಹಜವಾದ ಕಾರಣ.

1822ರಲ್ಲಿ ರಷ್ಯಾ ವಿಧಿಸಿದ ಸುಂಕದಿಂದ ಇಂಗ್ಲೆಂಡಿನ ಬರ್ಟನ್ ಪಟ್ಟಣದ ಏಲ್ ವ್ಯಾಪಾರಕ್ಕೆ ದೊಡ್ಡ ಪೆಟ್ಟು ಬಿತ್ತು. ಅಲ್ಲಿಯ ತಯಾರಕರು ಹೊಸ ಮಾರುಕಟ್ಟೆಯನ್ನರಸಿ ಭಾರತದ ಕಡೆಗೆ ತಿರುಗಿದರು. ‘ಇಂಡಿಯಾ ಪೇಲ್ ಏಲ್’ ಬೆಳೆದ ಕಥೆಯ ಒಂದು ಎಳೆ ಇಲ್ಲಿದೆ. ಲಂಡನ್ನಿನ ಕಪ್ಪು ಬಿಯರಿನ ವ್ಯಾಪಾರ ಮಾತ್ರ ಮುಂದುವರಿಯಿತು. ಬಾರ್ಕ್ಲಿ ಪರ್ಕಿನ್ಸ್‌ನ ಸ್ಟೌಟನ್ನು ಬಾಲ್ಟಿಕ್ ನಾಡುಗಳಿಗೆ ಸಾಗಿಸುತ್ತಿದ್ದವರಲ್ಲಿ ಲ ಕಾಕ್ ಸಂಸ್ಥೆ ಮುಖ್ಯವಾದುದು. 1869ರಲ್ಲಿ ಬಾಲ್ಟಿಕ್ ಸಮುದ್ರದಲ್ಲಿ ಮುಳುಗಿದ ಹಡಗೊಂದರಿಂದ ಆ ಸಂಸ್ಥೆಯ ಹೆಸರಿದ್ದ ಸೀಸೆಗಳನ್ನು 1974ರಲ್ಲಿ ಮುಳುಗುಗಾರರು ಮೇಲೆತ್ತಿದರು.

ಇಪ್ಪತ್ತನೆಯ ಶತಮಾನದಲ್ಲಿ ಈ ಬಗೆ ಬಹುತೇಕ ಅಳಿವಿನಂಚಿಗೆ ಬಂದಿತು. ಬಾರ್ಕ್ಲಿ ಪರ್ಕಿನ್ಸ್ 1955ರಲ್ಲಿ ಕರೇಜ್ ಸಂಸ್ಥೆಯೊಡನೆ ಸೇರಿತು. ಕರೇಜ್‌ನ ಇಂಪೀರಿಯಲ್ ಸ್ಟೌಟ್ ತಯಾರಿಕೆ 1993ರಲ್ಲಿ ನಿಂತುಹೋಯಿತು, 2011ರಲ್ಲಿ ಮತ್ತೊಂದು ಸಂಸ್ಥೆ ಅದನ್ನು ಪುನಃ ತಯಾರಿಸಿತು. ಅಷ್ಟರಲ್ಲಿ ಲೇಖಕ ಮೈಕೆಲ್ ಜಾಕ್ಸನ್ ಅವರ ಬರಹಗಳಿಂದ ಆಸಕ್ತಿ ಮರಳಿ, ಅಮೆರಿಕದ ಸಣ್ಣ ಬ್ರೂವರಿಗಳು ಇದನ್ನು ಕೈಗೆತ್ತಿಕೊಂಡಿದ್ದವು. ಕ್ಯಾಲಿಫೋರ್ನಿಯಾದ ‘ಓಲ್ಡ್ ರಾಸ್ಪುಟಿನ್’ ಅವುಗಳಲ್ಲಿ ಪ್ರಸಿದ್ಧ. ಷಿಕಾಗೋದ ಗೂಸ್ ಐಲೆಂಡ್ ಸಂಸ್ಥೆ 1990ರ ದಶಕದಲ್ಲಿ ಇದನ್ನು ಬೂರ್ಬನ್ ವಿಸ್ಕಿಯ ಖಾಲಿ ಪೀಪಾಯಿಗಳಲ್ಲಿರಿಸಿ ಮಾಗಿಸಿದ ಮೇಲೆ ಆ ಕ್ರಮವೂ ಹರಡಿತು.

ತಯಾರಿಕೆ

ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯೇ ಮಾಲ್ಟ್. ಇಂಪೀರಿಯಲ್ ಸ್ಟೌಟಿನಲ್ಲಿ ಹೆಚ್ಚಿನ ಪಾಲು ತಿಳಿಬಣ್ಣದ ಮಾಲ್ಟ್ ಇದ್ದು, ಕಪ್ಪಾಗಿ ಹುರಿದುದು ಅಲ್ಪಭಾಗವಷ್ಟೇ ಇರುತ್ತದೆ. 1817ರಲ್ಲಿ ಡೇನಿಯಲ್ ವೀಲರ್ ಹುರಿಯುವ ಉರುಳೆಯಂತ್ರಕ್ಕೆ ಪೇಟೆಂಟ್ ಪಡೆದ ಮೇಲೆ ಸ್ವಲ್ಪ ಕರಿಮಾಲ್ಟಿನಿಂದಲೇ ಇಡೀ ಬಿಯರನ್ನು ಕಪ್ಪಾಗಿಸುವುದು ಸಾಧ್ಯವಾಯಿತು. ಬಲ ಬರುವುದು ಮಾಲ್ಟಿನ ಒಟ್ಟು ಪ್ರಮಾಣದಿಂದ: ಸಕ್ಕರೆಯಂಶ ಹೆಚ್ಚಿದಷ್ಟೂ ಯೀಸ್ಟ್ ಹೆಚ್ಚು ಮದ್ಯಸಾರವನ್ನು ಉಂಟುಮಾಡುತ್ತದೆ. ಹುದುಗದೆ ಉಳಿಯುವ ಅಂಶಗಳು ಸಿಹಿಯನ್ನೂ ಸಾಂದ್ರತೆಯನ್ನೂ ಕೊಡುತ್ತವೆ. ಅದನ್ನು ಸರಿದೂಗಿಸಲು ಹಾಪ್ಸ್ ಹೂಗಳನ್ನು ಧಾರಾಳವಾಗಿ ಹಾಕುತ್ತಾರೆ.

ಸವಿಯುವ ಕ್ರಮ

ಈ ಬಿಯರಿನ ಯೋಗ್ಯತೆ ಇರುವುದು ಕಪ್ಪಿನಲ್ಲಿಯೂ ಅಲ್ಲ, ಮದ್ಯಸಾರದ ಅಂಕಿಯಲ್ಲಿಯೂ ಅಲ್ಲ. ಸಿಹಿ, ಕಹಿ, ಒಗರು, ಕಾವು ಈ ನಾಲ್ಕೂ ಒಂದನ್ನೊಂದು ಮೀರದೆ ನಿಲ್ಲುವುದರಲ್ಲಿ. ಅದನ್ನು ತಿಳಿಯಲು ಬಿಯರ್ ಅತಿಯಾಗಿ ತಣ್ಣಗಿರಬಾರದು. ಹಿಮದಷ್ಟು ತಂಪಾಗಿದ್ದರೆ ಘಮ ಏಳುವುದಿಲ್ಲ, ನಾಲಗೆ ಮರಗಟ್ಟಿ ಕಹಿಯೊಂದೇ ಎದ್ದು ಕಾಣುತ್ತದೆ. ಸುಮಾರು 10ರಿಂದ 14 ಡಿಗ್ರಿ ಸೆಲ್ಸಿಯಸ್ ಸೂಕ್ತ. ನಮ್ಮಂಥ ಉಷ್ಣ ಪ್ರದೇಶದಲ್ಲಿ ಫ್ರಿಜ್ಜಿನಿಂದ ತೆಗೆದು ಹತ್ತು ಹದಿನೈದು ನಿಮಿಷ ಹೊರಗಿಟ್ಟರೆ ಸಾಕಾಗುತ್ತದೆ. ಹೊಟ್ಟೆ ಅಗಲ, ಬಾಯಿ ಕಿರಿದಾದ ಗಾಜಿನ ಲೋಟದಲ್ಲಿ ಅರ್ಧಕ್ಕಿಂತ ಕಡಿಮೆ ಸುರಿಯುತ್ತಾರೆ. ಉಳಿದ ಜಾಗ ಘಮಕ್ಕೆ.

ಮೊದಲು ನೋಟ. ಬೆಳಕಿಗೆ ಹಿಡಿದರೂ ಆಚೆಯದು ಕಾಣಿಸದಷ್ಟು ಕಪ್ಪು. ನೊರೆ ಬಿಳಿಯಲ್ಲ, ಕಂದು. ಮದ್ಯಸಾರ ಹೆಚ್ಚಿರುವುದರಿಂದ ನೊರೆ ಬೇಗ ಇಳಿದರೆ ಅದನ್ನು ದೋಷವೆಂದು ಎಣಿಸುವುದಿಲ್ಲ. ಬಳಿಕ ಲೋಟವನ್ನು ಮೆಲ್ಲನೆ ತಿರುವಿ ಮೂಸುತ್ತಾರೆ. ಆಗತಾನೆ ಹುರಿದ ಕಾಫಿಬೀಜ, ಸಿಹಿ ಬೆರೆಸದ ಚಾಕೊಲೇಟ್, ಕಾಕಂಬಿ, ಖರ್ಜೂರ, ಒಣದ್ರಾಕ್ಷಿ ಇವುಗಳ ನೆನಪು ಬರುವುದುಂಟು. ಇವನ್ನು ಬಿಯರಿಗೆ ಸೇರಿಸಿರಬೇಕೆಂದಿಲ್ಲ. ಕಾಫಿಯನ್ನೂ ಬಾರ್ಲಿಯನ್ನೂ ಹುರಿಯುವಾಗ ನಡೆಯುವ ರಾಸಾಯನಿಕ ಕ್ರಿಯೆಗಳು ಒಂದೇ ಜಾತಿಯವು, ಹಣ್ಣಿನ ಘಮದಲ್ಲಿ ಯೀಸ್ಟಿನ ಪಾಲೂ ಇದೆ.

ಗುಟುಕು ಸಣ್ಣದಾಗಿರಬೇಕು. ಬಾಯಲ್ಲಿ ಕ್ಷಣಕಾಲ ನಿಲ್ಲಿಸಿದಾಗ ಮೊದಲು ಸಿಹಿ, ನಂತರ ಹುರಿದ ರುಚಿ, ಕೊನೆಗೆ ಕಹಿ ತಿಳಿಯುತ್ತದೆ. ಇಲ್ಲಿ ಕಹಿಗೂ ಒಗರಿಗೂ ಇರುವ ವ್ಯತ್ಯಾಸವನ್ನು ಗಮನಿಸಬೇಕು. ಕಹಿ ನಾಲಗೆಯ ರುಚಿ. ಒಗರು ಬಾಯಿಯನ್ನು ಒಣಗಿಸಿ ಹಿಡಿಯುವ ಗುಣ, ಅಡಕೆ ಅಗಿದಾಗ ಆಗುವಂಥದು. ಗಟ್ಟಿ ಡಿಕಾಕ್ಷನ್ನಿನ ಕಹಿ ಇದಕ್ಕೆ ಒಪ್ಪುತ್ತದೆ. ಸೀದ ಕಾಳಿನ ಒಗರು ಒಪ್ಪುವುದಿಲ್ಲ. ನುಂಗಿದ ಮೇಲೆ ಮೂಗಿನಿಂದ ಉಸಿರು ಬಿಟ್ಟರೆ ಮೊದಲು ಅಡಗಿದ್ದ ಘಮಗಳು ಹೊರಬರುತ್ತವೆ. ಎದೆಯಲ್ಲಿ ಹಿತವಾದ ಕಾವು ಮೂಡುವುದು ಸರಿ, ಗಂಟಲು ಉರಿದರೆ ದೋಷ. ಬಿಯರ್ ಲೋಟದಲ್ಲಿಯೇ ಬೆಚ್ಚಗಾಗುತ್ತ ಹೋದಂತೆ ರುಚಿ ಬದಲಾಗುವುದರಿಂದ ಅರ್ಧ ಗಂಟೆಯ ಅನಂತರದ ಗುಟುಕು ಮೊದಲಿನದರಂತಿರುವುದಿಲ್ಲ. ತಜ್ಞರು ಅಭಿಪ್ರಾಯ ಬರೆಯಲು ಆತುರಪಡದಿರುವುದು ಇದಕ್ಕಾಗಿಯೇ.

ಮಾಗುವಿಕೆ ಮತ್ತು ದೋಷಗಳು

ತಂಪಾದ ಕತ್ತಲೆ ಜಾಗದಲ್ಲಿ ಸೀಸೆಯನ್ನು ನಿಲ್ಲಿಸಿಟ್ಟರೆ ಇದು ಹಲವು ವರ್ಷ ಬಾಳುತ್ತದೆ. ಹಾಪ್ಸಿನ ಕಹಿ ತಗ್ಗಿ, ಒಣಹಣ್ಣಿನ ಮತ್ತು ಷೆರಿ ವೈನಿನ ಛಾಯೆ ಏರುತ್ತದೆ. ಆದರೆ ಹಳೆಯದಾದುದೆಲ್ಲ ಉತ್ತಮವಾಗುವುದಿಲ್ಲ: ಒದ್ದೆ ರಟ್ಟಿನ ವಾಸನೆ ಗಾಳಿ ತಾಗಿದ ಗುರುತು, ಸೋಯಾ ಸಾಸಿನ ಉಪ್ಪುರುಚಿ ಸತ್ತ ಯೀಸ್ಟ್ ಕಣಗಳು ಒಡೆದುದರ ಗುರುತು. ಹುಳಿ ಬಂದಿದ್ದರೆ ಸಾಮಾನ್ಯವಾಗಿ ಬ್ಯಾಕ್ಟೀರಿಯಾ ಸೇರಿರುತ್ತದೆ. ಹಳೆಯ ಇಂಗ್ಲಿಷ್ ಬಿಯರುಗಳ ವಿಶಿಷ್ಟ ವಾಸನೆಗೆ ಕಾರಣವಾದ ಬ್ರೆಟನೊಮೈಸಿಸ್ ಯೀಸ್ಟನ್ನು ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ನೀಲ್ಸ್ ಹೆಲ್ಟ್ ಕ್ಲೌಸೆನ್ 1904ರಲ್ಲಿ ವರ್ಣಿಸಿದನು. ಒಂದು ಕಾಲಕ್ಕೆ ಗುಣವೆನಿಸಿದ್ದ ಆ ವಾಸನೆಯನ್ನು ಇಂದಿನ ಇಂಪೀರಿಯಲ್ ಸ್ಟೌಟಿನಲ್ಲಿ ಬಹುಮಟ್ಟಿಗೆ ದೋಷವೆಂದೇ ಎಣಿಸುತ್ತಾರೆ.

ಸೇವನೆಯ ಪ್ರಮಾಣ

ಶೇ. 10ರ ಮದ್ಯಸಾರವಿರುವ 330 ಮಿಲಿಲೀಟರ್ ಸೀಸೆಯಲ್ಲಿ 33 ಮಿ.ಲೀ., ಅಂದರೆ ಸುಮಾರು 26 ಗ್ರಾಂ ಶುದ್ಧ ಮದ್ಯಸಾರ ಇರುತ್ತದೆ, ಇದು ಶೇ. 5ರ ಬಿಯರಿನ ಅದೇ ಅಳತೆಯ ಎರಡು ಸೀಸೆಗಳಿಗೆ ಸಮ. ಸಿಹಿ ಮತ್ತು ಸಾಂದ್ರತೆಯ ಮರೆಯಲ್ಲಿ ಈ ಬಲ ನಾಲಗೆಗೆ ತಿಳಿಯದಿರುವುದೇ ಅಪಾಯಕಾರಿ. ಆದ್ದರಿಂದ ರುಚಿ ನೋಡುವ ಕೂಟಗಳಲ್ಲಿ ಒಂದು ಸೀಸೆಯನ್ನು ಮೂವರು ನಾಲ್ವರು ಹಂಚಿಕೊಂಡು, ನಡುನಡುವೆ ನೀರು ಕುಡಿಯುತ್ತಾರೆ.