ಬೊಂಬೆಗೊಂದು ಪಟ

“ಬೆಳ್ಳಿ ಹಬ್ಬದ ಸ್ಮರಣ ಸಂಚಿಕೆಗೆ ನಮ್ಮ ಸೀಮೆಯ ಚರಿತ್ರೆ ಬಗ್ಗೆ ಒಂದು ಲೇಖನ ಬರೆದುಕೊಡಿ ಮೇಷ್ಟ್ರೇ” ಎಂದು ಸಂಘದ ಕಾರ್ಯದರ್ಶಿಗಳು ಮನೆಗೇ ಬಂದು ಕೇಳಿದರು. ಬೊಂಬೆಗಳ ಬಗ್ಗೆ ಬರೀತೀನಿ ಅಂದೆ. ಅವರು ಒಂದು ಗಳಿಗೆ ಸುಮ್ಮನಿದ್ದು, “ಬೊಂಬೆ ಅಂದ್ರೆ ಮಕ್ಕಳಾಟದ ಬೊಂಬೇನಾ ಸಾರ್?” ಎಂದರು. ಹೌದು, ಅದೇ. ಕೋಲಾರಮ್ಮನ ಗುಡಿ, ಕುರುಡುಮಲೆ ಗಣಪತಿ, ಆವಣಿ ಬೆಟ್ಟ ಇವುಗಳ ಬಗ್ಗೆ ಬರೆದವರು ಬಹಳ ಮಂದಿ ಇದ್ದಾರೆ. ಕಲ್ಲಿನ ವಿಗ್ರಹ ನೂರಾರು ವರ್ಷ ನಿಂತಿರುತ್ತದೆ, ತನ್ನ ಚರಿತ್ರೆಯನ್ನು ತಾನೇ ಹೇಳಿಕೊಳ್ಳುತ್ತದೆ. ನಮ್ಮ ಹೆಣ್ಣುಮಕ್ಕಳು ಕೆರೆ ಮಣ್ಣಲ್ಲಿ, ಚಿಂದಿ ಬಟ್ಟೆಯಲ್ಲಿ, ಈಚಲು ಗರಿಯಲ್ಲಿ ಮಾಡಿದ ಬೊಂಬೆ ಒಂದು ಮಳೆಗಾಲ ದಾಟಿದರೆ ಹೆಚ್ಚು. ಊರೆಲ್ಲ ಹುಡುಕಿದರೂ ಹಳೇ ಬೊಂಬೆಯ ಒಂದು ಪಟ ಸಿಗುವುದು ಕಷ್ಟ. ಯಾಕೆ ಸಿಗುವುದಿಲ್ಲ ಎಂಬುದನ್ನು ಯೋಚಿಸುತ್ತಾ ಹೋದಾಗ ಬರೆದದ್ದು ಈ ಲೇಖನ.

ಬೊಂಬೆ ಎಂದ ಕೂಡಲೇ ದಸರಾ ನೆನಪಿಗೆ ಬರುವುದು ಸಹಜ. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ದಸರಾ ಉತ್ಸವ ಆರಂಭಿಸಿದರೆಂದು ಓದಿದ್ದೇವೆ. ಈಗಿನ ಮೈಸೂರು ಅರಮನೆಯೊಳಗೆ ‘ಗೊಂಬೆ ತೊಟ್ಟಿ’ ಎಂಬ ಭಾಗವೇ ಇದೆ. ನಮ್ಮ ಕಡೆ ತೆಲುಗು ಮಾತಾಡುವ ಮನೆಗಳಲ್ಲಿ ಇದಕ್ಕೆ ಬೊಮ್ಮಲ ಕೊಲುವು ಎನ್ನುತ್ತಾರೆ. ಆಂಧ್ರದ ಕೆಲವು ಕಡೆ ಸಂಕ್ರಾಂತಿಗೂ ಕೂಡಿಸುತ್ತಾರೆ. ಮುಳಬಾಗಿಲಿನ ಮೇಲೆ ಹಾದು ತಿರುಪತಿಗೆ ಹೋಗಿಬಂದವರು ಲಡ್ಡಿನ ಜೊತೆಗೆ ತರುತ್ತಿದ್ದುದು ರಕ್ತಚಂದನದ ಪಟ್ಟದ ಬೊಂಬೆ, ಗಂಡು ಹೆಣ್ಣು ಜೋಡಿ. ಮದುವೆಯಲ್ಲಿ ಮಗಳಿಗೆ ಅದನ್ನು ಕೊಟ್ಟು ಕಳಿಸುವುದು ಪದ್ಧತಿ. ಮರದ ಮೈ ಮಾತ್ರ ತಿರುಪತಿಯದು. ಅದಕ್ಕೆ ಕಚ್ಚೆ, ಪೇಟ, ಸೀರೆ, ಸರ ಎಲ್ಲ ವರ್ಷವರ್ಷವೂ ಹೊಸದಾಗಿ ಮನೆಯ ಹೆಂಗಸರೇ ಹೊಲಿಯಬೇಕು. ಹಾಗಾಗಿ ಅರ್ಧ ಬೊಂಬೆ ಕೊಂಡದ್ದು, ಅರ್ಧ ಬೊಂಬೆ ಮನೆಯದು.

ಆದರೆ ಒಂದು ಮಾತು ಹೇಳಲೇಬೇಕು. ನಮ್ಮೂರಿನಲ್ಲಿ ದಸರಾ ಬೊಂಬೆ ಕೂಡಿಸುತ್ತಿದ್ದುದು ನಾಲ್ಕಾರು ಮನೆಗಳಲ್ಲಿ ಅಷ್ಟೇ. ಉಳಿದ ಮಕ್ಕಳೆಲ್ಲ ಹೋಗಿ ನೋಡಿ ಬೊಂಬೆ ಬಾಗಿನ ಈಸಿಕೊಂಡು ಬರುವವರು. ಅವರಲ್ಲೂ ಎಲ್ಲರಿಗೂ ಒಳಗೆ ಪ್ರವೇಶ ಇರಲಿಲ್ಲ. ಹೊಸಿಲಿನ ಆಚೆಯೇ ನಿಂತು ಕತ್ತು ಚಾಚಿ ನೋಡಿದವರು ಇವತ್ತು ನಮ್ಮ ಸಂಘದ ಹಿರಿಯ ಸದಸ್ಯರಾಗಿದ್ದಾರೆ. ಆದ್ದರಿಂದ ದಸರಾ ಬೊಂಬೆಯನ್ನೇ ‘ನಮ್ಮ ಬೊಂಬೆ’ ಎಂದು ಬರೆದರೆ ಅದು ಪೂರ್ತಿ ನಿಜವಾಗುವುದಿಲ್ಲ.

ಎಲ್ಲರಿಗೂ ಸೇರಿದ ಬೊಂಬೆ ಅಂದರೆ ಮಳೆರಾಯ. ಕಾಲ ಮೀರಿದರೂ ಮಳೆ ಬೀಳದೆ ಪೈರು ಬಾಡುವಾಗ ಹುಡುಗರೇ ಕೆರೆಯಂಗಳದ ಜೇಡಿಮಣ್ಣು ತಂದು, ಮಣೆಯ ಮೇಲೆ ಒಂದು ಆಳು ಮಾಡಿ, ಬೇವಿನ ಸೊಪ್ಪು ಸಿಕ್ಕಿಸಿ, ಒಬ್ಬ ಹುಡುಗನ ತಲೆ ಮೇಲಿಟ್ಟು ಮನೆಮನೆಗೂ ಹೋಗುತ್ತಿದ್ದೆವು. ಹೆಂಗಸರು ಬಿಂದಿಗೆಯಿಂದ ನೀರು ಹುಯ್ಯುವರು. ಬೊಂಬೆಯ ಮೂಗು ಮೊದಲು ಕರಗೋದು, ಆಮೇಲೆ ಕೈ. ಬೀದಿ ಕೊನೆ ಮುಟ್ಟುವ ಹೊತ್ತಿಗೆ ಹೊತ್ತವನ ಮುಖವೆಲ್ಲ ಮಣ್ಣಾಗಿ, ಇವನೇ ಮಳೆರಾಯನೋ ಮಣೆ ಮೇಲಿರೋನು ಮಳೆರಾಯನೋ ಎಂದು ನಗುತ್ತಿದ್ದರು. ಎತ್ತಿದ ರಾಗಿ ಹಿಟ್ಟಿನಲ್ಲಿ ಕೆರೆ ಹತ್ತಿರವೇ ಮುದ್ದೆ ಮಾಡಿಕೊಂಡು ತಿನ್ನುವುದು. ಬೊಂಬೆ ಕೆರೆಗೆ ಸೇರುವುದು. ಬಯಲುಸೀಮೆಯ ಬೇರೆ ಕಡೆಗಳಲ್ಲೂ ಇದು ಇದೆ. ಉತ್ತರ ಕರ್ನಾಟಕದಲ್ಲಿ ಜೋಕುಮಾರನನ್ನು ಹೀಗೇ ಮಣ್ಣಿನಲ್ಲಿ ಮಾಡಿ ಬುಟ್ಟಿಯಲ್ಲಿ ಹೊತ್ತು ತಿರುಗುತ್ತಾರೆ. ಕರಗಲೆಂದೇ ಮಾಡಿದ ಬೊಂಬೆಯನ್ನು ಯಾರು ಎತ್ತಿಡುತ್ತಾರೆ?

ಮಳೆಗಾಗಿ ಆಡಿಸುತ್ತಿದ್ದ ಇನ್ನೊಂದು ಬೊಂಬೆ ತೊಗಲಿನದು. ಸಿಳ್ಳೇಕ್ಯಾತರು ಊರ ಮುಂದೆ ಪರದೆ ಕಟ್ಟಿ ರಾತ್ರಿಯೆಲ್ಲ ರಾಮಾಯಣ ಆಡಿಸಿದರೆ ಬೆಳಗಾಗುವಷ್ಟರಲ್ಲಿ ಹನಿ ಬೀಳುತ್ತದೆ ಎಂಬ ನಂಬಿಕೆ. ಈ ತೊಗಲು ಬೊಂಬೆಗಳಿಗೆ ಮಾತ್ರ ಒಂದು ಅದೃಷ್ಟವಿತ್ತು. ಕಲಾವಿದರಾದ ಎಂ. ಎಸ್. ನಂಜುಂಡರಾಯರು ಅವುಗಳನ್ನು ಹುಡುಕಿ ಸಂಗ್ರಹಿಸಿದರು. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಈಗಲೂ ನೋಡಬಹುದು. 2025ರಲ್ಲಿ ಕೊಪ್ಪಳ ಜಿಲ್ಲೆಯ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ತೊಂಬತ್ತು ದಾಟಿದ ವಯಸ್ಸಿನಲ್ಲಿ ಪದ್ಮಶ್ರೀ ಬಂತು. ಚನ್ನಪಟ್ಟಣದ ಅರಗಿನ ಬೊಂಬೆ, ಕಿನ್ನಾಳದ ಬಣ್ಣದ ಬೊಂಬೆ ಇವಕ್ಕೂ ಸರ್ಕಾರದ ಭೌಗೋಳಿಕ ಸೂಚಕ ಸಿಕ್ಕಿದೆ. ಒಳ್ಳೆಯದೇ ಆಯಿತು. ಅವು ಮಾರಾಟದ ಬೊಂಬೆಗಳು, ಅವಕ್ಕೆ ಅಂಗಡಿ ಇತ್ತು, ಲೆಕ್ಕ ಇತ್ತು. ಮನೆ ಜಗಲಿ ಮೇಲೆ ಮಗುವನ್ನು ಸುಮ್ಮನಿರಿಸಲು ಮಾಡಿದ ಬೊಂಬೆಗೆ ಯಾವ ಲೆಕ್ಕ?

ಅಂಥ ಬೊಂಬೆ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಏನೇನರಿಂದ ಆಗುತ್ತಿತ್ತು ಎಂದು ನೋಡಿದರೆ ನಮ್ಮ ಬದುಕೇ ಕಾಣುತ್ತದೆ. ಮಾಲೂರಿನ ಕಡೆ ಇಟ್ಟಿಗೆ, ಹೆಂಚಿನ ಕಾರ್ಖಾನೆಗಳು. ಆ ನಯವಾದ ಜೇಡಿಯಲ್ಲಿ ಮಕ್ಕಳು ಎತ್ತು, ಗಾಡಿ, ಕುದುರೆ ಮಾಡಿ ಇಟ್ಟಿಗೆ ಗೂಡಿನ ಸಂದಿನಲ್ಲಿ ತೂರಿಸಿ ಸುಟ್ಟುಕೊಳ್ಳುತ್ತಿದ್ದರು. ಶ್ರೀನಿವಾಸಪುರದ ಕಡೆ ನೆಂಟರ ಮನೆಗೆ ಹೋದರೆ ಮಾವಿನ ವಾಟೆ. ನಾರು ಜಾಸ್ತಿ ಇರುವ ಹಣ್ಣಿನ ವಾಟೆಯನ್ನು ತೊಳೆದು ಒಣಗಿಸಿ, ನಾರನ್ನೇ ಗಡ್ಡ ಮೀಸೆಯಾಗಿ ಬಾಚಿದರೆ ಒಬ್ಬ ಸಾಧು ತಯಾರು. ರೇಷ್ಮೆ ಸಾಕುವ ಮನೆಗಳಲ್ಲಿ ಚಿಟ್ಟೆ ಹೊರಟು ತೂತಾದ ಗೂಡು. ನೂಲು ಬಿಚ್ಚಲು ಅದು ಬರುವುದಿಲ್ಲ, ಆದರೆ ಬೊಂಬೆಯ ತಲೆಗೆ ಅದಕ್ಕಿಂತ ಚೆಂದದ ವಸ್ತು ಇಲ್ಲ. ಬಣ್ಣಕ್ಕೆ ಅರಿಶಿನ, ಕುಂಕುಮ, ಇದ್ದಿಲು, ಸುಣ್ಣ. ಅಂಟಿಗೆ ಹುಣಸೆ ಬೀಜ ಅರೆದು ಬೇಯಿಸಿದ ಸರಿ.

ಇದರಲ್ಲಿ ನಿಪುಣರಾಗಿದ್ದವರು ನಮ್ಮ ದೊಡ್ಡಮ್ಮ. ಓದಿದವರಲ್ಲ. ಹೊಲದ ಕೆಲಸ, ದನದ ಕೆಲಸ ಮುಗಿಸಿ ಸಂಜೆ ದೀಪ ಹಚ್ಚುವ ಮುಂಚೆ ಸಿಗುವ ಅರ್ಧ ಗಂಟೆಯಲ್ಲಿ ಏನಾದರೂ ಒಂದು ಮಾಡದೆ ಅವರ ಕೈ ಸುಮ್ಮನಿರುತ್ತಿರಲಿಲ್ಲ. ದರ್ಜಿ ಅಂಗಡಿಯ ಚೂರು ಬಟ್ಟೆ, ಒಳಗೆ ಬೂರುಗದ ಹತ್ತಿ. ನಮ್ಮ ಸಂಘ ಶುರುವಾದ ಮೇಲೆ ಅವರಿಗೊಂದು ಹೊಸ ಸಾಮಾನು ಸಿಕ್ಕಿತು: ಪಶು ಆಹಾರದ ಚೀಲದ ಬಾಯಿಗೆ ಹೊಲಿದ ಬಿಳಿ ದಾರ. ಒಂದು ತುದಿ ಹಿಡಿದು ಎಳೆದರೆ ಸರ್‍ರನೆ ಬಿಚ್ಚಿಕೊಳ್ಳುತ್ತದಲ್ಲ, ಅದೇ. ಆವತ್ತಿನಿಂದ ಅವರ ಮುದುಕಿ ಬೊಂಬೆಗಳಿಗೆಲ್ಲ ಬಿಳಿ ಕೂದಲು ಬಂತು! ಮಾಡಿದ್ದನ್ನು ಬೀದಿಯ ಯಾವ ಮಗು ಕೇಳಿದರೂ ಕೊಟ್ಟುಬಿಡೋರು. ನಾಳೆ ಇನ್ನೊಂದು ಮಾಡಿದ್ರಾಯ್ತು ಅನ್ನೋರು.

ನನ್ನ ಹತ್ತಿರ ಆಗ ಒಂದು ಅಗ್ಫಾ ಕ್ಲಿಕ್ ತ್ರೀ ಕ್ಯಾಮೆರಾ ಇತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೊಂಡದ್ದು. ಒಂದು ರೋಲಿಗೆ 12 ಪಟ. ಊಟಿಯ ಹಿಂದುಸ್ತಾನ್ ಫೋಟೋ ಫಿಲಂಸ್ ಕಾರ್ಖಾನೆಯ ‘ಇಂದು’ ಫಿಲಂ ಸಿಗುತ್ತಿತ್ತು. ಆ ಕಾರ್ಖಾನೆ ಈಗ ಮುಚ್ಚಿಹೋಗಿದೆ. ರೋಲು, ತೊಳೆಯುವುದು, ಪ್ರಿಂಟು ಎಲ್ಲ ಸೇರಿದರೆ ಮೇಷ್ಟ್ರ ಸಂಬಳಕ್ಕೆ ಭಾರವೇ. ಮದುವೆ, ಸೀಮಂತ, ಶಾಲೆಯ ಗುಂಪು, ಕೊನೆಗೆ ಸತ್ತವರನ್ನು ಕೂರಿಸಿ ಒಂದು, ಹೀಗೆ 12 ಮುಗಿದುಹೋಗುತ್ತಿತ್ತು. ಒಂದು ಸಲ ದೊಡ್ಡಮ್ಮನ ಬೊಂಬೆಗೆ ಕ್ಯಾಮೆರಾ ಹಿಡಿದರೆ ಅವರೇ ಬೈದರು. “ಯಾಕಪ್ಪಾ, ಬೊಂಬೆಗೆ ಒಂದು ಪಟ ದಂಡ ಮಾಡ್ತೀಯ? ಆ ಮೂಲೆಮನೆ ಅಜ್ಜೀದು ಒಂದೂ ಪಟ ಇಲ್ಲ, ಹೋಗಿ ಅವರದು ತೆಗಿ.” ಅವರು ಹೇಳಿದ್ದು ನ್ಯಾಯವಾಗಿಯೇ ಇತ್ತು. ಇನ್ನೊಂದು ಕಾರಣ ಆ ಕ್ಯಾಮೆರಾದ ಕಣ್ಣು. ಈಗಿನಂತೆ ಹತ್ತಿರ ಹಿಡಿದರೆ ಸ್ಪಷ್ಟವಾಗುತ್ತಿರಲಿಲ್ಲ, ಹತ್ತಿರ ಹೋದಷ್ಟೂ ಮಸುಕು. ದೂರ ನಿಂತು ತೆಗೆದರೆ ಗೇಣುದ್ದದ ಬೊಂಬೆ ಸಾಸಿವೆ ಕಾಳಿನಷ್ಟು ಕಾಣುತ್ತಿತ್ತು. ದುಡ್ಡೂ ಇರಲಿಲ್ಲ, ಯಂತ್ರವೂ ಒಪ್ಪುತ್ತಿರಲಿಲ್ಲ.

ಹಾಗಾಗಿ ಆ ಕಾಲದ್ದು ಉಳಿದಿರುವುದು ಒಂದೇ. ನಮ್ಮ ತಂಗಿಯ ಮದುವೆಯಲ್ಲಿ ತೆಗೆದ ಗುಂಪು ಚಿತ್ರದ ಎಡ ಅಂಚಿನಲ್ಲಿ ಒಂದು ಮಗು ನಿಂತಿದೆ, ಅದರ ಕಂಕುಳಲ್ಲಿ ದೊಡ್ಡಮ್ಮನ ಬಟ್ಟೆ ಬೊಂಬೆ. ಬೊಂಬೆಯ ತಲೆ ಮತ್ತು ಒಂದು ಕೈ ಮಾತ್ರ ಇದೆ, ಉಳಿದದ್ದು ಚೌಕಟ್ಟಿನ ಆಚೆ. ದೊಡ್ಡದು ಮಾಡಿಸೋಣವೆಂದು ನೆಗೆಟಿವನ್ನು ಪೇಟೆಯ ಒಂದು ಸ್ಟುಡಿಯೋಗೆ ಕೊಟ್ಟೆ. ಇವತ್ತು ಬನ್ನಿ, ನಾಳೆ ಬನ್ನಿ ಎಂದು ಅಲೆಸಿ, ಕೊನೆಗೆ ಕಳೆದುಹೋಗಿದೆ ಎಂದರು.

ಬೊಂಬೆಗೆ ಪಟ ತೆಗೆಯುವುದನ್ನು ಹುಚ್ಚು ಎಂದು ನಗುವವರಿಗೆ ಎರಡು ವಿಷಯ ಹೇಳಬೇಕು. ಅಮೆರಿಕಾದ ಡೇರ್ ರೈಟ್ ಎಂಬ ಮಹಿಳೆ ತಾನು ಚಿಕ್ಕಂದಿನಲ್ಲಿ ಆಡಿದ ಬೊಂಬೆಯನ್ನೇ ಹೊರತೆಗೆದು, ಹೊಸ ಉಡುಪು ಹಾಕಿ, ಎರಡು ಕರಡಿ ಬೊಂಬೆಗಳ ಜೊತೆ ಕೂರಿಸಿ ನಿಲ್ಲಿಸಿ ಕಪ್ಪುಬಿಳುಪು ಪಟಗಳನ್ನು ತೆಗೆದು ಕಥೆ ಹೆಣೆದರು. ಆ ಪುಸ್ತಕ 1957ರಲ್ಲಿ ಬಂದು ಮಕ್ಕಳ ಅಚ್ಚುಮೆಚ್ಚಾಯಿತು. ನಮ್ಮ ದೇಶದಲ್ಲೇ ವ್ಯಂಗ್ಯಚಿತ್ರಕಾರ ಶಂಕರ್ ಪಿಳ್ಳೈಯವರು ದೇಶದೇಶದ ಬೊಂಬೆಗಳನ್ನು ಕೂಡಿಹಾಕಿ 1965ರಲ್ಲಿ ದೆಹಲಿಯಲ್ಲಿ ಬೊಂಬೆಗಳ ಮ್ಯೂಸಿಯಂ ತೆರೆದರು.

ಮೂರನೆಯದೊಂದಿದೆ, ಅದನ್ನು ಕೇಳಿದಾಗ ನನಗೆ ನಗು ಬರಲಿಲ್ಲ. ಜಪಾನಿನ ಶಿಕೋಕು ದ್ವೀಪದ ಬೆಟ್ಟಗಳ ನಡುವೆ ನಾಗೊರೊ ಎಂಬ ಹಳ್ಳಿ ಇದೆ. ಕೆಲಸ ಹುಡುಕಿಕೊಂಡು ಎಲ್ಲರೂ ಪಟ್ಟಣ ಸೇರಿ ಹಳ್ಳಿ ಬರಿದಾಯಿತು. ತ್ಸುಕಿಮಿ ಅಯಾನೊ ಎಂಬಾಕೆ ಒಸಾಕಾದಿಂದ ಊರಿಗೆ ಮರಳಿ, ಹೊಲಕ್ಕೆ ಒಂದು ಬೆದರುಬೊಂಬೆ ಮಾಡಿದರು. ಅದು ಅವರ ತಂದೆಯ ಹಾಗೇ ಕಂಡಿತು. ಆಮೇಲೆ ಊರು ಬಿಟ್ಟವರ, ಸತ್ತವರ ಆಳೆತ್ತರದ ಬೊಂಬೆ ಮಾಡುತ್ತಾ ಹೋದರು. 2012ರಲ್ಲಿ ಮಕ್ಕಳಿಲ್ಲದೆ ಶಾಲೆ ಮುಚ್ಚಿದಾಗ ತರಗತಿಯೊಳಗೂ ಬೊಂಬೆಗಳನ್ನೇ ಕೂರಿಸಿದರು. ಈಗ ಅಲ್ಲಿ ಮನುಷ್ಯರಿಗಿಂತ ಬೊಂಬೆಗಳೇ ಎಷ್ಟೋ ಪಟ್ಟು ಹೆಚ್ಚು. ಬೆಳಗಾದರೆ ನಮ್ಮ ಹುಡುಗರೂ ನರಸಾಪುರದ ಕಾರ್ಖಾನೆಗೆ, ಮಾಲೂರಿಗೆ, ಬೆಂಗಳೂರಿಗೆ ಬಸ್ಸು ಹತ್ತುತ್ತಾರೆ. ಸದ್ಯ, ಸಂಜೆ ವಾಪಸು ಬರುತ್ತಾರೆ.

2020ರ ಮಾರ್ಚ್ 25ರಿಂದ ಕೊರೋನಾ ಲಾಕ್‌ಡೌನ್ ಬಂದು ಆ ಬಸ್ಸುಗಳೂ ನಿಂತವು. ಹಾಲು ಹಾಕುವುದೊಂದು ನಿಲ್ಲಲಿಲ್ಲ. ಮೂತಿಗೆ ಬಟ್ಟೆ ಕಟ್ಟಿ ದೂರದೂರ ನಿಂತು ಹಾಕಿದ್ದು ಎಲ್ಲರಿಗೂ ನೆನಪಿದೆ. ಆಗ ಬೆಂಗಳೂರಿನಿಂದ ನಮ್ಮ ಮೊಮ್ಮಗಳು ಬಂದು ಇಲ್ಲೇ ಉಳಿದಳು. ಶಾಲೆ ಇಲ್ಲ, ಬೇಜಾರು. ದೊಡ್ಡಮ್ಮನಿಗೆ ಆಗಲೇ ಎಂಬತ್ತಾರು. ಮುತ್ತಜ್ಜಿ ಮರಿಮಗಳು ಇಬ್ಬರೂ ಸೇರಿ ದಿನಕ್ಕೊಂದು ಬೊಂಬೆ ಎಂದು ಹಿಡಿದರು. ಸಂಜೆ ಮಾಡುವುದು, ಬೆಳಿಗ್ಗೆ ಹಾಲು ಹಾಕಿ ಬಂದ ಮೇಲೆ ಜಗಲಿಯ ಎಳೆ ಬೆಳಕಿನಲ್ಲಿ ಮೊಬೈಲಿನಲ್ಲಿ ಪಟ ತೆಗೆಯುವುದು. ಹಿಂದೆ ಬಣ್ಣವಿಲ್ಲದ ದುಪ್ಪಟಿ, ಪಕ್ಕದಲ್ಲಿ ಒಂದು ಬೆಂಕಿಪೊಟ್ಟಣ, ಬೊಂಬೆ ಎಷ್ಟುದ್ದ ಎಂದು ನೋಡಿದವರಿಗೆ ಗೊತ್ತಾಗಲಿ ಅಂತ. ಇದು ಹುಡುಗಿಯ ಉಪಾಯ. ದೊಡ್ಡಮ್ಮನ ಕೈಯೂ ಪಟದಲ್ಲಿ ಇರಬೇಕು ಎಂದದ್ದು ನಾನು. “ಈ ಸುಕ್ಕು ಕೈ ಯಾಕಪ್ಪಾ” ಅಂದರೂ ಚಾಚಿದರು.

ಒಂದು ದಿನ ಮಣ್ಣಿನ ಮಳೆರಾಯ ಮಾಡಬೇಕೆಂದು ಹುಡುಗಿ ಹಟ ಹಿಡಿದಳು. ಜೇಡಿಗೆ ಕೆರೆಗೆ ಹೋದರೆ ಕೆರೆ ತುಂಬಿತ್ತು! 2018ರ ಜೂನ್‌ನಿಂದ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಕೆ. ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಜಿಲ್ಲೆಯ ಕೆರೆಗಳಿಗೆ ಬಿಡುತ್ತಿದ್ದಾರಲ್ಲ, ಆ ನೀರು. ಅದರ ಒಳಿತು ಕೆಡುಕಿನ ಚರ್ಚೆ ಇಲ್ಲಿ ಬೇಡ. ನಮ್ಮ ಬಾಲ್ಯದಲ್ಲಿ ಕೆರೆ ಒಣಗಿತ್ತು, ಮಳೆರಾಯನಿಗೆ ಮಣ್ಣು ಬೇಕಾದಷ್ಟಿತ್ತು. ಈಗ ಮಳೆ ಇಲ್ಲದೆಯೇ ನೀರಿದೆ, ಮಳೆರಾಯನಿಗೆ ಮಣ್ಣಿಲ್ಲ. ಕೊನೆಗೆ ಹೊಲದ ಬದುವಿನ ಮಣ್ಣಿನಲ್ಲೇ ಮಾಡಿದರು. ನೆರಳಿನಲ್ಲಿ ಒಣಗಿಸಿದರೂ ಎದೆಯ ಮೇಲೆ ಬಿರುಕು ಬಿಟ್ಟಿತು.

ಹೀಗೆ 41 ಬೊಂಬೆಗಳಾದವು. ದೊಡ್ಡಮ್ಮ 2022ರಲ್ಲಿ ತೀರಿಕೊಂಡರು. ಆಮೇಲೆ ಪಟಗಳನ್ನು ಹಾಕಿಸೋಣವೆಂದು ಕೇಳಿದರೆ, ಆ ಮೊಬೈಲು ನೀರಿಗೆ ಬಿದ್ದು ಕೆಟ್ಟುಹೋಗಿದೆ ಎಂದು ಮೊಮ್ಮಗಳು ಅತ್ತಳು. ಕೆರೆ ಮಣ್ಣಿನ ಬೊಂಬೆಯಂತೆಯೇ ಅದೂ ಕರಗಿಹೋಯಿತಲ್ಲ ಎನಿಸಿತು. ನೆಂಟರಿಷ್ಟರಿಗೆ ವಾಟ್ಸಾಪಿನಲ್ಲಿ ಕಳಿಸಿದ್ದನ್ನೆಲ್ಲ ಒಬ್ಬೊಬ್ಬರನ್ನಾಗಿ ಕೇಳಿ ತರಿಸಿದೆವು. 17 ಸಿಕ್ಕವು. ಅವನ್ನು ಕಾಗದದ ಮೇಲೆ ಹಾಕಿಸಿ, ಹಾಲಿನ ಲೆಕ್ಕದ ಹಳೇ ರಿಜಿಸ್ಟರಿನ ಖಾಲಿ ಹಾಳೆಗಳಿಗೆ ಅಂಟಿಸಿ, ಒಂದೊಂದರ ಎದುರಿಗೂ ತಾರೀಖು, ಮಾಡಿದವರು, ಏನರಿಂದ ಮಾಡಿದ್ದು, ಯಾರಿಗೆ ಕೊಟ್ಟದ್ದು ಎಂದು ನಾಲ್ಕು ಕಲಮು ಬರೆದಿದ್ದೇನೆ. ಮದುವೆ ಚಿತ್ರದ ಅಂಚಿನ ಬೊಂಬೆ ಮೊದಲ ಪುಟದಲ್ಲಿದೆ.

ರಿಜಿಸ್ಟರು ಸಂಘದ ಕಚೇರಿಯ ಬೀರುವಿನಲ್ಲಿದೆ, ಬೀಗದ ಕೈ ಕಾರ್ಯದರ್ಶಿಗಳ ಹತ್ತಿರ. ಮನೆಯಲ್ಲಿ ಅಟ್ಟದ ಮೇಲೋ, ಪೆಟ್ಟಿಗೆ ತಳದಲ್ಲೋ, ಯಾವುದಾದರೂ ಹಳೇ ಗುಂಪು ಚಿತ್ರದ ಮೂಲೆಯಲ್ಲೋ ಒಂದು ಬೊಂಬೆ ಕಂಡರೆ ಸದಸ್ಯರು ದಯವಿಟ್ಟು ಬೆಳಗಿನ ಹಾಲು ಹಾಕಲು ಬರುವಾಗ ತನ್ನಿ. ಪಟ ತೆಗೆದುಕೊಂಡು ಅಲ್ಲೇ ವಾಪಸು ಕೊಡುತ್ತೇವೆ. ಇನ್ನೂ ಅರವತ್ತು ಹಾಳೆ ಖಾಲಿ ಇದೆ.